ಒಂಬತ್ತು ಟೇಪು, ಒಂದು ಹಳೇ ಡಬ್ಬಿ

ಜೂನ್ 4

ಚಿರಂಜೀವಿ ಸಿಡುಕಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಾನು ಕಳಿಸಿದ ವಿಡಿಯೋ ಟೇಪುಗಳಿಂದ ಇಳಿಸಿ ನೀನು ಕಳಿಸಿದ ಪೆನ್‌ಡ್ರೈವ್ ಬಂತು. ಅದನ್ನು ಈ ಕಾಗದದ ಜೊತೆಯಲ್ಲೇ ವಾಪಸ್ ಕಳಿಸುತ್ತಿದ್ದೇನೆ, ಯಾಕೆಂದರೆ ಅದರಿಂದ ಇಲ್ಲಿ ಮೂರು ಕಾಸಿನ ಪ್ರಯೋಜನವಾಗಲಿಲ್ಲ. ಟಿವಿ ಪಕ್ಕದ ನಮ್ಮ ಮೀಡಿಯಾ ಪ್ಲೇಯರ್ ಡಬ್ಬಿಗೆ ಚುಚ್ಚಿದರೆ ಒಂಬತ್ತು ಪಾಠಗಳ ಹೆಸರೂ ಸಾಲಾಗಿ ಕಾಣುತ್ತವೆ. ಒತ್ತಿದರೆ ದನಿ ಬರುತ್ತದೆ, ಮುಖ ಬರುವುದಿಲ್ಲ. ಕಪ್ಪು ಪರದೆಯ ಹಿಂದೆ ನಿನ್ನ ದೊಡ್ಡಮ್ಮ 'ನೀರು', 'ಬಾಗಿಲು' ಎಂದು ಪಾಠ ಹೇಳುತ್ತಾಳೆ. ಮೂವತ್ತೊಂದು ವರ್ಷ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸಿದವನು ನಾನು. ದನಿ ಹೋಗಿ ಚಿತ್ರ ಉಳಿದರೆ ಜನ ಶಿಳ್ಳೆ ಹೊಡೆಯುತ್ತಾರೆ, ಚಿತ್ರ ಹೋಗಿ ದನಿ ಉಳಿದರೆ ಕುರ್ಚಿ ಮುರಿಯುತ್ತಾರೆ. ನಾನು ಕುರ್ಚಿ ಮುರಿಯದೆ ಕಾಗದ ಬರೆಯುತ್ತಿದ್ದೇನೆ, ಅದಕ್ಕೆ ಸಂತೋಷಪಡು.

ಟೇಪುಗಳು ನಿನಗೆ ನೆನಪಿರಬೇಕು. ಹದಿನಾರನೇ ವಯಸ್ಸಿನಲ್ಲಿ, ನಾನು ತಂದುಕೊಟ್ಟ ಕ್ಯಾಮೆರಾದಲ್ಲಿ ನೀನೇ ತೆಗೆದವು. ಪಾಳಿ ಕೆಲಸದಿಂದಾಗಿ ಅಕ್ಷರ ಕಲಿಯುವ ತರಗತಿಗೆ ಬರಲಾಗದ ದೊಡ್ಡವರು ಮನೆಯಲ್ಲಿ ನೋಡಿಕೊಂಡು ಕಲಿಯಲಿ ಅಂತ ನಿನ್ನ ದೊಡ್ಡಮ್ಮ ಮಾಡಿಸಿದ್ದು. ಈಗ ಅವು ಅವಳಿಗೇ ಬೇಕು. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ನೋಡಬೇಕು. ಟೇಪ್ ಪ್ಲೇಯರ್ ಕೆಟ್ಟು ಕೂತಿದೆ, ಬಿಡಿಭಾಗ ಎಲ್ಲೂ ಸಿಗಲಿಲ್ಲ. ಮುಖ ಕಾಣಬೇಕು, ಅದರಲ್ಲೂ ಬಾಯಿ ಸ್ಪಷ್ಟವಾಗಿ ಕಾಣಬೇಕು. ಬೇಗ ಬೇಕು. ಯಾಕೆ, ಏನು ಅಂತ ಪ್ರಶ್ನೆ ಕೇಳುತ್ತಾ ಕೂರಬೇಡ.

ಫೋನ್ ಮಾಡಬೇಡ. ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಹೊರಟು ನಿಂತಿದೆ. ಏನಿದ್ದರೂ ಬರಿ. ಈ ಕಾಗದವನ್ನು ನಿನ್ನ ದೊಡ್ಡಮ್ಮ ತಿದ್ದಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ದೊಡ್ಡಪ್ಪ


ಜೂನ್ 11

ದೊಡ್ಡಪ್ಪನಿಗೆ ಸಿಡುಕಿಯ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮವಾಗಿಲ್ಲ. ಮೂರು ಶಾಲೆಗಳ ವಾರ್ಷಿಕೋತ್ಸವದ ವಿಡಿಯೋ ಎಡಿಟಿಂಗ್ ಬಾಕಿ ಬಿದ್ದಿದೆ, ಮೂರು ಶಾಲೆಯವರೂ ಸ್ಟುಡಿಯೋ ಬಾಗಿಲಲ್ಲಿ ನಿಂತು ಪ್ರಾಣ ತಿನ್ನುತ್ತಿದ್ದಾರೆ. ಮೂರರಲ್ಲೂ ಒಂದೇ ನೃತ್ಯ. ಅದರ ನಡುವೆ ನಿಮ್ಮ ಡಬ್ಬಿ.

ಆ ಡಬ್ಬಿಗೆ ಹನ್ನೊಂದು ವರ್ಷವಾಯಿತು. ಎನ್‌ಕೋಡಿಂಗ್ ಅಂದರೆ ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬುವ ಹಾಗೆ ವಿಡಿಯೋವನ್ನು ಮಡಚಿ ಫೈಲಿಗೆ ತುಂಬುವುದು. ಅದನ್ನು ಬಿಚ್ಚಿ ತೋರಿಸುವುದು ಡಬ್ಬಿಯ ಕೆಲಸ. ನಾನು ಈಗಿನ ಕ್ರಮದಲ್ಲಿ ಮಡಚಿದ್ದೆ. ನಿಮ್ಮ ಡಬ್ಬಿಗೆ ಅದನ್ನು ಬಿಚ್ಚಲು ಬರುವುದಿಲ್ಲ, ಶಬ್ದವನ್ನು ಮಾತ್ರ ಎಳೆದುಕೊಂಡು ಉಳಿದದ್ದಕ್ಕೆ ಕೈ ಎತ್ತಿದೆ. ಸರಿ, ಈ ಸಲ ಹಳೇ ಕ್ರಮದಲ್ಲೇ ಮಾಡಿದ್ದೇನೆ. ಜೊತೆಗೆ ಚಿತ್ರವನ್ನು ದೊಡ್ಡದು ಮಾಡಿ, ಹೊಳಪು ಕೊಟ್ಟು, ಚಲನೆ ನಯವಾಗಲಿ ಅಂತ ಫ್ರೇಮುಗಳ ಸಂಖ್ಯೆಯನ್ನೂ ಎರಡು ಪಟ್ಟು ಮಾಡಿದ್ದೇನೆ. ನನ್ನ ಮಾತು ಕೇಳುವುದಾದರೆ ಆ ಡಬ್ಬಿಯನ್ನು ಗುಜರಿಗೆ ಹಾಕಿ. ಅಂಗೈಯಗಲದ ಹೊಸದು ಕಳಿಸುತ್ತೇನೆ, ನಾನಂತೂ ಪಾರಾಗುತ್ತೇನೆ.

ಒಂದು ವಿಷಯ ಕೇಳಬೇಕು. ನಿಮ್ಮ ಕಾಗದದ ಅಂಚಿನಲ್ಲಿ ಯಾವಾಗಲೂ ದೊಡ್ಡಮ್ಮನ ಕೆಂಪು ಶಾಯಿ ಇರುತ್ತಿತ್ತು. ನಿಮ್ಮ ತಪ್ಪನ್ನೆಲ್ಲ ತಿದ್ದಿ, ಕೊನೆಗೆ ನನಗೂ ಎರಡು ಸಾಲು ಬುದ್ಧಿ ಹೇಳಿರುತ್ತಿದ್ದರು. ಈ ಸಲ ಕೆಂಪಿನ ಒಂದು ಚುಕ್ಕೆಯೂ ಇಲ್ಲ. ನನ್ನ ಮೇಲೆ ಸಿಟ್ಟೇ? ಹೋದ ಸಲ ಬಂದಾಗ ನಾನು, "ದೊಡ್ಡಮ್ಮಾ, ಮಧ್ಯದಲ್ಲಿ ಉಸಿರಾದ್ರೂ ತಗೊಳ್ಳಿ, ಬೇರೆಯವ್ರೂ ಒಂದು ಮಾತಾಡ್ಲಿ" ಅಂದಿದ್ದೆ. ಅದನ್ನೇ ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆಯೇ?

ಸಿಡುಕಿ


ಜೂನ್ 20

ಚಿರಂಜೀವಿ ಸಿಡುಕಿಗೆ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಮುಖ ಬಂತು. ಬಂದು ಬಿಕ್ಕಳಿಸಲು ಶುರು ಮಾಡಿತು. ಸ್ಟಾಪ್‌ವಾಚ್ ಹಿಡಿದು ಕೂತೆ. ನಾಲ್ಕು ಸೆಕೆಂಡಿಗೊಮ್ಮೆ ಚಿತ್ರ ನಿಲ್ಲುತ್ತದೆ, ಮುಗ್ಗರಿಸುತ್ತದೆ, ಮತ್ತೆ ಓಡುತ್ತದೆ. ಅಷ್ಟರಲ್ಲಿ ದನಿ ಮುಂದೆ ಹೋಗಿ ಆಗಿರುತ್ತದೆ. ಮೂರನೇ ಪಾಠದ ಹೊತ್ತಿಗೆ ಕಿವಿಗೆ 'ಬಾಗಿಲು' ಕೇಳಿಸುವಾಗ ತುಟಿ ಇನ್ನೂ 'ನೀರಿ'ನಲ್ಲಿದೆ. ಇದನ್ನು ನಯ ಮಾಡಿದ್ದು ಅಂತ ಬೇರೆ ಬರೆದಿದ್ದೀಯ. ಸೆಕೆಂಡಿಗೆ ಎಷ್ಟು ಫ್ರೇಮು ಓಡಬೇಕು ಅನ್ನುವುದನ್ನು ನಿನ್ನ ಹಾಲುಹಲ್ಲು ಬೀಳುವ ಮೊದಲೇ ನಾನು ಅರೆದು ಕುಡಿದಿದ್ದೇನೆ. ಎರಡು ಪಟ್ಟು ಮಾಡು ಅಂತ ನಿನಗೆ ಯಾರು ಹೇಳಿದರು? ಹೊಳಪು ಯಾರಿಗೆ ಬೇಕಿತ್ತು? ಗಣಪತಿಯನ್ನು ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಹಾಗಾಯಿತು.

ಹೊಸ ಡಬ್ಬಿ ಬೇಡ. ಈ ರಿಮೋಟಿನ ಗುಂಡಿಗಳು ದೊಡ್ಡವು, ನಿನ್ನ ದೊಡ್ಡಮ್ಮನ ಕೈಗೆ ಕಣ್ಣು ಮುಚ್ಚಿದರೂ ಸಿಗುತ್ತವೆ. ಹೊಸದನ್ನು ಈಗ ಕಲಿಸುತ್ತಾ ಕೂರುವುದು ಆಗದ ಮಾತು. ಮತ್ತೆ ಆ ವಿಷಯ ಎತ್ತಬೇಡ.

ಅವಳಿಗೆ ನಿನ್ನ ಮೇಲೆ ಸಿಟ್ಟೇನೂ ಇಲ್ಲ. ಈಚೆಗೆ ಮಾತು ಕಡಿಮೆ ಮಾಡಿದ್ದಾಳೆ, ಅಷ್ಟೆ.

ಬಾಯಿಯೂ ದನಿಯೂ ಒಟ್ಟಿಗೆ ಬರಬೇಕು, ಸಿಡುಕಿ. ನನಗೆ ಬೇರೇನೂ ಬೇಡ. ತಿಂಗಳು ಕೈಬಿಟ್ಟು ಹೋಗುತ್ತಿದೆ.

ದೊಡ್ಡಪ್ಪ


ಜೂನ್ 27

ದೊಡ್ಡಪ್ಪನಿಗೆ ನಮಸ್ಕಾರಗಳು.

ದೊಡ್ಡಮ್ಮ ಮಾತು ಕಡಿಮೆ ಮಾಡಿದ್ದಾರೆ ಎಂದು ಎಷ್ಟು ಸಲೀಸಾಗಿ ಬರೆದಿದ್ದೀರಿ! ನಾಲ್ಕು ಮನೆಯಾಚೆಗೂ ಕೇಳುವ ಹಾಗೆ ಪಾಠ ಹೇಳಿದವರು ಅವರು. ನನಗೆ ಅರ್ಥವಾಯಿತು ಬಿಡಿ. ನನ್ನ ಮೇಲೆ ಸಿಟ್ಟೇ, ನೀವು ಮುಚ್ಚಿಡುತ್ತಿದ್ದೀರಿ. ಇಬ್ಬರೂ ಸೇರಿಕೊಂಡಿದ್ದೀರಿ.

ಡಬ್ಬಿಯ ವಿಷಯಕ್ಕೆ ಬರುತ್ತೇನೆ. ತಪ್ಪು ನನ್ನದು, ಒಪ್ಪಿಕೊಂಡೆ. ಮುದುಕನ ತಲೆಯ ಮೇಲೆ ಎರಡು ಮೂಟೆ ಹೊರಿಸಿ ಓಡು ಅಂದ ಹಾಗೆ ಮಾಡಿದೆ. ಚಿತ್ರ ಬಿಚ್ಚುವುದರಲ್ಲೇ ಅದಕ್ಕೆ ಏದುಸಿರು ಬರುತ್ತಿತ್ತು, ಶಬ್ದ ಹಗುರ, ಅದು ಮುಂದೆ ಓಡಿತು. ಈ ಸಲ ಟೇಪಿನಲ್ಲಿ ಇದ್ದಷ್ಟೇ ಗಾತ್ರ, ಇದ್ದಷ್ಟೇ ಫ್ರೇಮು. ಪ್ರತಿ ಸೆಕೆಂಡಿಗೆ ಡಬ್ಬಿ ನುಂಗಬೇಕಾದ ತುತ್ತನ್ನೂ ಕಾಲುಭಾಗಕ್ಕೆ ಇಳಿಸಿದ್ದೇನೆ.

ನನ್ನ ಕಡೆಯಿಂದ ಇನ್ನೊಂದು ಉಪಕಾರವನ್ನೂ ಮಾಡಿದ್ದೇನೆ. ಟೇಪುಗಳನ್ನು ನೋಡಿದೆ. ನಲವತ್ತು ನಿಮಿಷದ ಪಾಠದಲ್ಲಿ ಇಪ್ಪತ್ತಮೂರು ನಿಮಿಷ ದೊಡ್ಡಮ್ಮ ಸುಮ್ಮನೆ ಕ್ಯಾಮೆರಾ ನೋಡುತ್ತಾ ನಿಂತಿದ್ದಾರೆ. ಒಂದು ಪದ ಹೇಳುತ್ತಾರೆ, ಕಾಯುತ್ತಾರೆ, ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ "ಹಾಂ, ಸರಿ" ಅಂತ ಗಾಳಿಗೆ ಶಭಾಷ್ ಕೊಡುತ್ತಾರೆ. ನಡುನಡುವೆ ಕ್ಯಾಮೆರಾ ಹಿಂದಿನಿಂದ ನನ್ನ ಗೊಣಗಾಟ ಬೇರೆ, ಕೇಳಿ ನಾಚಿಕೆಯಾಯಿತು. ಆ ಖಾಲಿ ಜಾಗವನ್ನೆಲ್ಲ ಎರಡು ದಿನ ಕೂತು ಕತ್ತರಿಸಿದ್ದೇನೆ. ಈಗ ಪಾಠ ಹದಿನೇಳೇ ನಿಮಿಷ, ಪದದ ಹಿಂದೆ ಪದ ಬರುತ್ತದೆ. ಫೈಲೂ ಹಗುರವಾಯಿತು, ನೋಡುವವರಿಗೂ ಬೇಸರವಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡುತ್ತದೆ. ಓಡದಿದ್ದರೆ ಕೇಳಿ.

ಸಿಡುಕಿ


ಜುಲೈ 5

ಸಿಡುಕಿಗೆ,

ಓಡಿತು. ಎಲ್ಲೂ ನಿಲ್ಲಲಿಲ್ಲ.

ಯಾರನ್ನು ಕೇಳಿ ಕತ್ತರಿಸಿದೆ? ಒಂದು ರೀಲು ಹಾರಿಸಿದರೆ ಇನ್ನೊಂದು ಆಟ ಆಡಿಸಬಹುದು ಅಂತ ಚಿತ್ರಮಂದಿರದ ಮಾಲೀಕ ನೂರು ಸಲ ಹೇಳಿದ್ದ. ಮೂವತ್ತೊಂದು ವರ್ಷದಲ್ಲಿ ನಾನು ಒಂದಡಿ ಹಾರಿಸಿದವನಲ್ಲ. ನೀನು ಇಪ್ಪತ್ತಮೂರು ನಿಮಿಷ ತೆಗೆದು ಅದಕ್ಕೆ ಉಪಕಾರ ಅಂತ ಹೆಸರಿಟ್ಟಿದ್ದೀಯ.

ಮೂಲ ಟೇಪುಗಳನ್ನು ವಾಪಸ್ ಕಳಿಸು. ನಾನು ಬೇರೆ ದಾರಿ ನೋಡಿಕೊಳ್ಳುತ್ತೇನೆ.

ದೊಡ್ಡಪ್ಪ


ಜುಲೈ 10

ದೊಡ್ಡಪ್ಪ,

ಮಾಡಿದ ಪುಣ್ಯಕ್ಕೆ ಬೈಗುಳ ತಿಂದದ್ದಾಯಿತು. ಮೂರು ಸಲ ಎನ್‌ಕೋಡ್ ಮಾಡಿದ್ದೇನೆ, ಮೂರು ಸಲ ಅಂಚೆ ಕಚೇರಿಯಲ್ಲಿ ಸಾಲು ನಿಂತಿದ್ದೇನೆ. ಮುಖವಿಲ್ಲ ಅಂದಿರಿ, ಮುಖ ಕೊಟ್ಟೆ. ಬಿಕ್ಕಳಿಕೆ ಅಂದಿರಿ, ಅದನ್ನೂ ನಿಲ್ಲಿಸಿದೆ. ಈಗ ಚೆನ್ನಾಗಿ ಓಡಿದ್ದೇ ತಪ್ಪಾಯಿತೇ? ಯಾವುದೋ ಕಾಲದ ಪಾಠದಲ್ಲಿ ನಾಲ್ಕು ಖಾಲಿ ಕ್ಷಣ ಹೋದರೆ ಯಾರ ಗಂಟು ಹೋಯಿತು?

ಇಷ್ಟು ಬರೆದು, ಸಿಟ್ಟಿನಲ್ಲೇ ನಿಮ್ಮ ಹಳೆಯ ಕಾಗದಗಳನ್ನು ತೆಗೆದು ನೋಡಿದೆ. ಎಲ್ಲದರ ಮೊದಲ ಸಾಲಿನಲ್ಲೂ 'ಇಲ್ಲಿ ಎಲ್ಲರೂ ಕ್ಷೇಮ' ಅಂತ ಇದೆ. ಮನೆಯ ಸೂರು ಸೋರುತ್ತಿದ್ದಾಗ ಬರೆದದ್ದರಲ್ಲೂ ಇದೆ. ಮೊನ್ನೆಯದರಲ್ಲಿ ಇಲ್ಲ.

ನಿನ್ನೆ ನಾಲ್ಕು ಸಲ ಫೋನ್ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ನಿಮಗೆ ಕೇಳಿಸುವುದಿಲ್ಲ ಸರಿ, ದೊಡ್ಡಮ್ಮನಿಗೆ ಕೇಳುತ್ತದಲ್ಲ? ಎರಡನೇ ರಿಂಗಿಗೇ ಎತ್ತಿ "ಯಾರು, ಸರಿಯಾಗಿ ಬಾಯಿ ಬಿಟ್ಟು ಹೇಳಿ" ಅನ್ನುವವರು ಅವರು. ಅವರಿಗೆ ಏನಾಗಿದೆ?

ಟೇಪುಗಳನ್ನು ಕಳಿಸುವುದಿಲ್ಲ. ನಿಜ ಹೇಳುವವರೆಗೂ ಅವು ನನ್ನ ಬೀರುವಿನಲ್ಲಿ ಇರುತ್ತವೆ.

ಸಿಡುಕಿ


ಜುಲೈ 17

ಸಿಡುಕಿಗೆ ದೊಡ್ಡಪ್ಪನ ಆಶೀರ್ವಾದಗಳು.

ನನ್ನ ಕಿವಿ ಚೆನ್ನಾಗಿದೆ. ಎರಡೂ.

ಮಾರ್ಚ್ ತಿಂಗಳಲ್ಲಿ ನಿನ್ನ ದೊಡ್ಡಮ್ಮನಿಗೆ ಸ್ಟ್ರೋಕ್ ಆಯಿತು. ಬಲಗೈ ಅರ್ಧ ಹೋಯಿತು, ಮಾತು ಪೂರ್ತಿ ಹೋಯಿತು. ನಾವು ಹೇಳಿದ್ದು ಅರ್ಥವಾಗುತ್ತದೆ, ಹೇಳಬೇಕಾದ್ದು ಒಳಗೇ ಇದೆ, ಬಾಯಿಗೆ ಬರುವುದಿಲ್ಲ. ಆಸ್ಪತ್ರೆಯಿಂದ ಬಂದ ದಿನವೇ ನಿನಗೆ ಫೋನ್ ಮಾಡಲು ಹೋದೆ. ಅವಳು ಎಡಗೈ ಚಾಚಿ ಫೋನಿನ ಮೇಲೆ ಇಟ್ಟಳು, ತೆಗೆಯಲೇ ಇಲ್ಲ. ತಾನು ತಡವರಿಸುವುದನ್ನು ಯಾರೂ ಕೇಳಬಾರದು, ನೀನಂತೂ ಕೇಳಲೇಬಾರದು. ಚಿಕ್ಕಂದಿನಿಂದ ನಿನ್ನ ಒಂದೊಂದು ಮಾತನ್ನೂ ತಿದ್ದಿದವಳಲ್ಲವೇ? ನಾನು ಮಾತು ಕೊಟ್ಟೆ. ಫೋನ್ ಎತ್ತಿದರೆ 'ದೊಡ್ಡಮ್ಮನಿಗೆ ಕೊಡಿ' ಅನ್ನುತ್ತೀಯ, ಅದಕ್ಕೇ ಕಾಗದ.

ಮಾತು ಕಲಿಸುವ ಮೇಡಂ ವಾರಕ್ಕೊಮ್ಮೆ ಬರುತ್ತಾರೆ. ಒಳ್ಳೆಯವರು. ಒಂದು ಪದ ಕೇಳಬೇಕು, ಬಾಯಿ ನೋಡಬೇಕು, ತಾನೂ ಹೇಳಬೇಕು, ದಿನಾ ಮಾಡಬೇಕು, ಮೊದಲ ತಿಂಗಳುಗಳನ್ನು ಕಳೆದುಕೊಳ್ಳಬಾರದು ಅಂದರು. ಮಕ್ಕಳ ಚಿತ್ರದ ಪುಸ್ತಕ ತಂದರು. ನಿನ್ನ ದೊಡ್ಡಮ್ಮ ಅದನ್ನು ಮೇಜಿನಿಂದ ಕೆಳಗೆ ತಳ್ಳಿದಳು. ನಲವತ್ತು ವರ್ಷ ಪಾಠ ಹೇಳಿದವಳು ಇನ್ನೊಬ್ಬರ ಮುಂದೆ ಕೂತು 'ಅ ಆ' ಅನ್ನುತ್ತಾಳೆಯೇ? ನಾನು ಹೇಳಿಕೊಡಲು ಹೋದೆ, ನನ್ನನ್ನೂ ದುರುಗುಟ್ಟಿ ನೋಡಿದಳು. ಕೊನೆಗೆ ಏನೂ ತೋಚದೆ ಈ ಟೇಪು ಹಾಕಿದೆ. ಪರದೆಯ ಮೇಲೆ ಅವಳೇ ಬಂದಳು. ತನ್ನನ್ನು ತಾನು ಬಹಳ ಹೊತ್ತು ನೋಡಿದಳು. ಬೇರೆ ಯಾರಿಗೂ ಶಿಷ್ಯೆಯಾಗಲು ಒಪ್ಪದವಳು ತನಗೆ ತಾನೇ ಶಿಷ್ಯೆಯಾಗಲು ಒಪ್ಪಿದಳು.

ಪರದೆಯವಳು 'ನೀರು' ಅನ್ನುತ್ತಾಳೆ, ಕಾಯುತ್ತಾಳೆ. ಆ ಬಿಡುವಿನಲ್ಲಿ ಇವಳು ಒದ್ದಾಡುತ್ತಾಳೆ. ಬಂದರೂ ಬರದಿದ್ದರೂ ಆಮೇಲೆ ಅವಳು ತಲೆಯಾಡಿಸಿ "ಹಾಂ, ಸರಿ" ಅನ್ನುತ್ತಾಳೆ. ಗಾಳಿಗೆ ಶಭಾಷ್ ಅಂತ ಬರೆದೆಯಲ್ಲ, ಆ ಶಭಾಷ್‌ಗಾಗಿಯೇ ಇವಳು ದಿನಾ ಹತ್ತು ಗಂಟೆಗೆ ತಲೆ ಬಾಚಿಕೊಂಡು ಬಂದು ಕೂರುತ್ತಾಳೆ. ಹದಿನಾಲ್ಕು ಪದ ಬಂದಿದ್ದವು. ಟೇಪ್ ಪ್ಲೇಯರ್ ಕೆಟ್ಟಮೇಲೆ ಹನ್ನೊಂದಕ್ಕೆ ಇಳಿದವು.

ನೀನು ಕಳಿಸಿದ್ದನ್ನು ನಾನು ಮೊದಲು ನೋಡಬೇಕಿತ್ತು. ಆತುರದಲ್ಲಿ ನಿನ್ನ ಕಾಗದ ಓದುವ ಮೊದಲೇ, ನೋಡದೆ ಹಾಕಿದೆ. 'ನೀರು, ಹಾಂ ಸರಿ, ಬಾಗಿಲು, ಹಾಂ ಸರಿ, ಕಿಟಕಿ.' ಇವಳು 'ನೀ' ಅನ್ನುವಷ್ಟರಲ್ಲಿ ಅವಳು ಕಿಟಕಿಯಲ್ಲಿದ್ದಳು. ಐದಾರು ಪದದ ತನಕ ಹಿಂದೆ ಹಿಂದೆ ಓಡಿದಳು. ಆಮೇಲೆ ರಿಮೋಟನ್ನು ಗೋಡೆಗೆ ಎಸೆದು ಒಳಗೆ ಹೋದಳು. ಹನ್ನೆರಡು ದಿನದಿಂದ ಟಿವಿ ಮುಂದೆ ಬಂದಿಲ್ಲ. ರಿಮೋಟಿಗೆ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ.

ನಡುವೆ ನಿಲ್ಲಿಸಿಕೊಂಡು ನೋಡಬಹುದಲ್ಲ ಅನ್ನಬೇಡ. ನಿಲ್ಲಿಸಿದರೆ ಮುಖ ಬಾಯಿ ತೆರೆದುಕೊಂಡು ಹಾಗೇ ಕಲ್ಲಾಗುತ್ತದೆ, ಹೊರಡಿಸಿದರೆ ಮೂರು ಪದ ಮುಂದೆ ಹೋಗಿ ಬೀಳುತ್ತದೆ.

ನಿನ್ನನ್ನು ಬೈದೆ. ಹೇಳದೆ ಮುಚ್ಚಿಟ್ಟು, ಗೊತ್ತಿಲ್ಲದೆ ಮಾಡಿದ್ದಕ್ಕೆ ಬೈದದ್ದು ನನ್ನ ತಪ್ಪು. ಈಗ ಹೇಳಿ ಅವಳಿಗೆ ಕೊಟ್ಟ ಮಾತನ್ನೂ ಮುರಿದೆ. ಬರಬೇಡ, ಸಿಡುಕಿ. ಅವಳಾಗಿ ಒಪ್ಪುವವರೆಗೆ ಬರಬೇಡ. ಟೇಪು ಮಾತ್ರ ಕಳಿಸು.

ದೊಡ್ಡಪ್ಪ


ಆಗಸ್ಟ್ 2

ದೊಡ್ಡಪ್ಪನಿಗೆ,

ನಿಮ್ಮ ಕಾಗದ ಬಂದ ದಿನ ಶಾಲೆಯವರನ್ನೆಲ್ಲ ಹೊರಗೆ ಕಳಿಸಿ ಸ್ಟುಡಿಯೋ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ನಿಮ್ಮ ಮೇಲೆ ಸಿಟ್ಟು ಬಂತು, ಅದು ಇನ್ನೂ ಇಳಿದಿಲ್ಲ. ಮಾರ್ಚಿನಿಂದ ಜುಲೈವರೆಗೆ 'ಎಲ್ಲರೂ ಕ್ಷೇಮ'! ಬಾಯಿ ಕಾಣಬೇಕು, ದನಿ ಸರಿಯಿರಬೇಕು ಅಂತ ಹಟ ಹಿಡಿದಿರಿ. ಯಾಕೆ ಅನ್ನುವ ಒಂದು ಸಾಲು ಬರೆದಿದ್ದರೆ ನಾನು ಕತ್ತರಿಗೆ ಕೈ ಹಾಕುತ್ತಿದ್ದೆನೇ? ಇದನ್ನು ನಿಮ್ಮ ಎದುರಿಗೆ ನಿಂತು ಕೇಳುತ್ತೇನೆ, ಯಾವತ್ತಾದರೂ ಒಂದು ದಿನ.

ನನ್ನದೂ ತಪ್ಪೇ. ಆ ಟೇಪು ತೆಗೆದವಳು ನಾನು. ಯಾಕೆ ಸುಮ್ಮನೆ ನಿಲ್ಲುತ್ತೀರಿ ಅಂತ ಆಗ ಕೇಳಿದ್ದೆ. "ಅವ್ರು ಮನೇಲಿ ಹೇಳ್ಬೇಕಲ್ಲೇ, ಅವ್ರಿಗೆ ಟೈಮ್ ಬೇಡ್ವಾ?" ಅಂದಿದ್ದರು. ಅದನ್ನು ಮರೆತು ಖಾಲಿ ಜಾಗ ಅಂತ ಬರೆದೆ.

ಈ ಸಲ ಊಹೆಯ ಮೇಲೆ ಮಾಡಿಲ್ಲ. ಹಳೇ ಸಾಮಾನು ಮಾರುವ ಅಂಗಡಿಗಳನ್ನೆಲ್ಲ ಜಾಲಾಡಿ ನಿಮ್ಮಂಥದೇ ಡಬ್ಬಿ ಹುಡುಕಿ ತಂದೆ. ಗುಜರಿಗೆ ಹಾಕಿ ಅಂದವಳು ಗುಜರಿಯಿಂದಲೇ ಎತ್ತಿಕೊಂಡು ಬಂದೆ, ನಗಬೇಡಿ. ಎರಡು ಸಲ ಮಾಡಿದ್ದು ಅದರಲ್ಲೂ ಮುಗ್ಗರಿಸಿತು. ಮೂರನೆಯದು ಸರಿಯಾಗಿ ಓಡಿತು. ಒಂದು ಪಾಠಕ್ಕೆ ಒಂದು ಚಿಕ್ಕ ಫೈಲು. ಪ್ರತಿ ಸೆಕೆಂಡಿಗೆ ಮಡಚದ ಒಂದು ಪೂರ್ತಿ ಚಿತ್ರವನ್ನು ಗುರುತಿಗೆ ಇಟ್ಟಿದ್ದೇನೆ, ಹಿಂದೆ ಮುಂದೆ ಮಾಡಿದರೆ ಮೂರು ಪದ ಹಾರುವುದಿಲ್ಲ, ನಿಂತಲ್ಲಿಂದಲೇ ಹೊರಡುತ್ತದೆ. ಒಂಬತ್ತು ಟೇಪುಗಳನ್ನೂ ಮೊದಲಿನಿಂದ ಕೊನೆಯವರೆಗೆ ಆ ಡಬ್ಬಿಯಲ್ಲೇ ನೋಡಿದೆ, ಆರು ಗಂಟೆ, ಒಂದು ಕಡೆಯೂ ಮುಂದಕ್ಕೆ ಹಾರಿಸದೆ. ಎರಡನೇ ಟೇಪಿನ ಹೊತ್ತಿಗೆ ನಾನೂ ಬಿಡುವಿನಲ್ಲಿ ಪದ ಹೇಳುತ್ತಿದ್ದೆ. "ಹಾಂ, ಸರಿ" ಅಂದರೆ ಸಮಾಧಾನವಾಗುತ್ತಿತ್ತು.

ಒಂದು ಕ್ಷಣವನ್ನೂ ತೆಗೆದಿಲ್ಲ. ನನ್ನ ಗೊಣಗಾಟವೂ ಹಾಗೇ ಇದೆ. ಮೂಲ ಟೇಪುಗಳನ್ನೂ ಇದರ ಜೊತೆಗೆ ಕಳಿಸಿದ್ದೇನೆ. ಇನ್ನೊಂದು ರಿಮೋಟೂ ಇದೆ, ನನ್ನ ಡಬ್ಬಿಯದು. ರಬ್ಬರ್ ಬ್ಯಾಂಡ್ ಬಿಚ್ಚಿ.

ಅವರು ಮತ್ತೆ ಬಂದು ಕೂತರೆ ಒಂದು ಸಾಲು ಬರೆಯಿರಿ. ಕೂರದಿದ್ದರೂ ಬರೆಯಿರಿ. ಸುಳ್ಳು ಬರೆಯಬೇಡಿ.

ಸಿಡುಕಿ


ಆಗಸ್ಟ್ 25

ಚಿರಂಜೀವಿ ಸಿಡುಕಿಗೆ ಆಶೀರ್ವಾದಗಳು.

ಕ್ಷೇಮದ ವಿಷಯ ಕೊನೆಗೆ ಬರೆಯುತ್ತೇನೆ, ಈ ಸಲ ನಿಜ ಬರೆಯಬೇಕಲ್ಲ.

ಮೊದಲ ನಾಲ್ಕು ದಿನ ಅವಳು ಬರಲಿಲ್ಲ. ನಾನು ಹತ್ತು ಗಂಟೆಗೆ ಪಾಠ ಹಾಕಿ, ಒಬ್ಬನೇ ಕೂತು, ಬಿಡುವಿನಲ್ಲಿ ಗಟ್ಟಿಯಾಗಿ 'ನೀರು', 'ಬಾಗಿಲು' ಅನ್ನುತ್ತಿದ್ದೆ. ಬೇಕೆಂದೇ ಕೆಟ್ಟದಾಗಿ ಹೇಳುತ್ತಿದ್ದೆ. ಐದನೇ ದಿನ ತಡೆಯಲಾರದೆ ಬಾಗಿಲಲ್ಲಿ ಬಂದು ನಿಂತಳು. ಆರನೇ ದಿನ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು. ಆವತ್ತಿನಿಂದ ಒಂದು ದಿನವೂ ತಪ್ಪಿಸಿಲ್ಲ. ಚಿತ್ರ ಎಲ್ಲೂ ಮುಗ್ಗರಿಸಿಲ್ಲ, ತುಟಿಯೂ ದನಿಯೂ ಒಟ್ಟಿಗೆ ಬರುತ್ತವೆ. ಪ್ರೊಜೆಕ್ಟರ್ ಕೋಣೆಯಲ್ಲಿ ನನ್ನ ಕೈಕೆಳಗೆ ನೀನು ಇದ್ದಿದ್ದರೆ ಮೊದಲ ವಾರ ಓಡಿಸಿಬಿಡುತ್ತಿದ್ದೆ, ಆಮೇಲೆ ಹುಡುಕಿಕೊಂಡು ಬಂದು ವಾಪಸ್ ಕರೆಯುತ್ತಿದ್ದೆ. ಈಗ ಹತ್ತೊಂಬತ್ತು ಪದ.

ನಿನ್ನೆ ಏಳನೇ ಟೇಪು. ಅದರ ಕೊನೆಯಲ್ಲಿ ಅವಳು ಒಂದು ಪದ ಹೇಳಿ ಕಾಯುತ್ತಾ ನಿಂತಿದ್ದಾಳೆ. ಕ್ಯಾಮೆರಾ ಹಿಂದಿನಿಂದ ನೀನು, "ಬೇಗ ಮುಗ್ಸಿ ದೊಡ್ಡಮ್ಮಾ, ಬ್ಯಾಟರಿ ಹೋಗ್ತಾ ಇದೆ, ಎಷ್ಟೊತ್ತು ಹೀಗೇ ನಿಂತಿರ್ತೀರಾ" ಅಂತ ಒದರುತ್ತೀಯ. ಪರದೆಯ ಮೇಲಿನವಳು ಬಾಯಿ ತೆರೆಯುವುದಿಲ್ಲ, ಒಂದು ಬೆರಳೆತ್ತಿ ನಿನ್ನನ್ನು ಸುಮ್ಮನಿರಿಸುತ್ತಾಳೆ. ಆ ಹೊತ್ತಿಗೆ ಇಲ್ಲಿ ಕುರ್ಚಿಯಲ್ಲಿ ಕೂತಿದ್ದವಳು ಟಿವಿ ಕಡೆಗೆ ಎಡಗೈ ಎತ್ತಿ, ಸಿಟ್ಟಿನಿಂದ, ಗಟ್ಟಿಯಾಗಿ, "ತಡಿಯೇ!" ಅಂದಳು.

ಆ ಪದ ಯಾವ ಪಾಠದಲ್ಲೂ ಇಲ್ಲ. ಒಂಬತ್ತೂ ಟೇಪು ನನಗೆ ಬಾಯಿಪಾಠವಾಗಿದೆ, ಎಲ್ಲೂ ಇಲ್ಲ. ಅದು ಅವಳದೇ. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಇಬ್ಬರಿಗೂ ನಗುವೋ ಅಳುವೋ ತಿಳಿಯಲಿಲ್ಲ. ಆಮೇಲೆ ನಿನ್ನ ಕಾಗದಗಳನ್ನೆಲ್ಲ ತಂದು ಮುಂದಿಟ್ಟು, ನಾನು ಎಲ್ಲ ಹೇಳಿಬಿಟ್ಟಿದ್ದೇನೆ ಎಂದು ಒಪ್ಪಿಕೊಂಡೆ. ಓದಿದಳು. ಬೈಯುವ ಮಾತು ಇನ್ನೂ ಬಂದಿಲ್ಲವಾಗಿ ಬದುಕಿಕೊಂಡೆ. ಓದಿ ಮುಗಿಸಿ ಫೋನಿನ ಕಡೆ ಕೈ ತೋರಿಸಿದಳು. ಈ ಸಲ ಅದರ ಮೇಲೆ ಕೈ ಇಡಲಿಲ್ಲ.

ಆದ್ದರಿಂದ ಈ ಕಾಗದ ತಲುಪಿದ ಮರುದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಪಾಠ ಮುಗಿದ ಮೇಲೆ ಫೋನ್ ಮಾಡು. ನಾನು ಎತ್ತುವುದಿಲ್ಲ. ಎಂಟು ಹತ್ತು ಸಲ ರಿಂಗಾದರೂ ಇಟ್ಟುಬಿಡಬೇಡ, ಅವಳು ಎಡಗೈಯಲ್ಲಿ ಎತ್ತಬೇಕು. ಎತ್ತಿದ ಮೇಲೆ ಅಳಬೇಡ, ಕ್ಷಮಿಸಿ ಗಿಮಿಸಿ ಅಂತ ಶುರು ಮಾಡಬೇಡ. ಒಂದು ಮಾತು ಹೇಳಿ ಸುಮ್ಮನಿರು. ಆ ಕಡೆಯಿಂದ ಬರೀ ಉಸಿರು ಕೇಳಿಸುತ್ತದೆ, ಬಹಳ ಹೊತ್ತು ಅಷ್ಟೇ ಕೇಳಿಸಬಹುದು. ಎಷ್ಟು ಹೊತ್ತಾದರೂ ಸರಿ, ನಡುವೆ ಬಾಯಿ ಹಾಕಬೇಡ.

ಇಲ್ಲಿ ಎಲ್ಲರೂ ಕ್ಷೇಮ.

ದೊಡ್ಡಪ್ಪ